ಮಗನಿರುವ ಮನೆಗೆ ದತ್ತು ಬಂದವರು

ಪ್ರಿಯ ಗೆಳೆಯನೇ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು. ನಿನ್ನ ಪತ್ರ ತಲುಪಿತು. ನೀನು ಕೇಳಿರುವ ಪ್ರಶ್ನೆ ಬಹಳ ಮಂದಿ ವಿಶ್ವಾಸಿಗಳ ಮನಸ್ಸಿನಲ್ಲಿದ್ದು ಬಾಯಿಗೆ ಬಾರದೆ ಉಳಿದಿರುವಂಥದ್ದು. ಆದ್ದರಿಂದ ನಿನ್ನ ಒಪ್ಪಿಗೆ ಪಡೆದು, ನಿನ್ನ ಹೆಸರನ್ನು ಬಿಟ್ಟು, ಈ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ತಂದೆತಾಯಿ ತೀರಿಕೊಂಡ ಮೇಲೆ ನೀನು ದಾವಣಗೆರೆಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದವನು. ಕಾಟನ್ ಮಿಲ್ಲಿನ ಸಂಬಳದಲ್ಲಿ ತನ್ನ ಮಕ್ಕಳ ಜೊತೆಗೆ ನಿನ್ನನ್ನೂ ಓದಿಸಿದ ಆ ಮನುಷ್ಯ ಒಂದು ದಿನವೂ ನಿನ್ನನ್ನು ನೋಯಿಸಲಿಲ್ಲವೆಂದು ನೀನೇ ಬರೆದಿದ್ದೀಯೆ. ಆದರೂ ತಟ್ಟೆಯ ಮುಂದೆ ಕೂತಾಗಲೆಲ್ಲ ಈ ಅನ್ನಕ್ಕೆ ತಕ್ಕಷ್ಟು ಕೆಲಸ ಇವತ್ತು ಮಾಡಿದೆನೇ ಎಂದು ಲೆಕ್ಕ ಹಾಕುವ ಅಭ್ಯಾಸ ನಿನ್ನಿಂದ ಹೋಗಲಿಲ್ಲ; ನೀರು ಹೊತ್ತು, ರೇಷನ್ ತಂದು, ಚಿಕ್ಕವರಿಗೆ ಪಾಠ ಹೇಳಿಕೊಟ್ಟು ಆ ಹಂಗನ್ನು ತೀರಿಸುತ್ತ ಬಂದೆ. ಈಗ ದೇವರ ಮನೆಯಲ್ಲಿಯೂ ನಿನಗೆ ಅದೇ ಭಾವ. ಸಭೆಯ ಲೆಕ್ಕಪತ್ರ ನೋಡಿಕೊಳ್ಳುತ್ತೀಯೆ, ಸಂಡೇ ಸ್ಕೂಲ್ ನಡೆಸುತ್ತೀಯೆ, ಒಂದು ವಾರ ತಪ್ಪಿದರೆ ಕರ್ತನ ಭೋಜನಕ್ಕೆ ಕೈಚಾಚಲು ಅಂಜುತ್ತೀಯೆ. "ದೇವರು ನನ್ನನ್ನು ಮಗನೆಂದು ಕರೆದದ್ದು ಅವನ ದೊಡ್ಡತನ, ಆದರೆ ನಾನು ಆ ಮನೆಯಲ್ಲಿ ಯಾವ ಲೆಕ್ಕಕ್ಕೆ ಇದ್ದೇನೆ?" ಎಂದು ಕೇಳಿದ್ದೀಯೆ.

ನಾನು ಇಲ್ಲಿ ಚಿತ್ರದುರ್ಗದ ನ್ಯಾಯಾಲಯದಲ್ಲಿ ವಕೀಲಿ ಮಾಡುವವನಾದ್ದರಿಂದ ದತ್ತು ಎಂದೊಡನೆ ನನ್ನ ಮನಸ್ಸು ಮೊದಲು ಕಾನೂನಿನ ಕಡೆಗೆ ಹೋಗುತ್ತದೆ, ಅದನ್ನು ಸಹಿಸಿಕೋ. ಲೋಕದಲ್ಲಿ ದತ್ತು ಬಹುಮಟ್ಟಿಗೆ ಒಂದು ಕೊರತೆಯನ್ನು ತುಂಬಲು ಹುಟ್ಟಿದ ಏರ್ಪಾಡು. ನಮ್ಮ ದುರ್ಗದ ಚರಿತ್ರೆಯನ್ನೇ ನೋಡು: ಕಸ್ತೂರಿ ರಂಗಪ್ಪ ನಾಯಕ 1754ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, ಪಟ್ಟ ಬರಿದಾಗಬಾರದೆಂದು ಜಾನಕಲ್ಲಿನಿಂದ ಬಂದ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿದರು, ಅವನೇ ಕೊನೆಯ ಮದಕರಿ ನಾಯಕ. ಅಪೊಸ್ತಲ ಪೌಲನ ಕಾಲದ ರೋಮ್‌ನಲ್ಲಿಯೂ ಹೀಗೆಯೇ ನಡೆಯುತ್ತಿತ್ತು. ಅಲ್ಲಿ ದತ್ತು ಹೋಗುತ್ತಿದ್ದವರು ಹೆಚ್ಚಾಗಿ ಬೆಳೆದ ಗಂಡಸರು. ಮನೆತನದ ಹೆಸರು ಮತ್ತು ಆಸ್ತಿ ನಿಲ್ಲಲಿ ಎಂಬುದೇ ಉದ್ದೇಶ. ಚಕ್ರವರ್ತಿ ಔಗುಸ್ತನು ತನ್ನ ಉತ್ತರಾಧಿಕಾರಿಗಳೆಂದು ಬೆಳೆಸಿದ್ದ ಮೊಮ್ಮಕ್ಕಳಿಬ್ಬರೂ ಒಬ್ಬರ ಹಿಂದೆ ಒಬ್ಬರು ಸತ್ತ ಮೇಲೆ, ಕ್ರಿ.ಶ. 4ರಲ್ಲಿ, ನಾಲ್ವತ್ತು ದಾಟಿದ ತಿಬೇರಿಯನನ್ನು ಮಗನನ್ನಾಗಿ ಮಾಡಿಕೊಂಡನು. ಗಲಾತ್ಯ, ಎಫೆಸ, ರೋಮಾಪುರಗಳ ಸಭೆಗಳಿಗೆ ದೇವರು ನಮ್ಮನ್ನು ದತ್ತು ತೆಗೆದುಕೊಂಡನೆಂಬುದನ್ನು ಪೌಲನು ಬರೆದಾಗ, ಓದುವವರ ಕಣ್ಣಮುಂದೆ ಇದ್ದದ್ದು ಇಂಥ ದತ್ತುಗಳೇ.

ನಮ್ಮ ದೇಶದ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ 11ನೆಯ ಕಲಮು ಇದನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಗಂಡುಮಗ ಬದುಕಿರುವ ತಂದೆ ಆ ಕಾಯಿದೆಯಡಿ ಇನ್ನೊಬ್ಬ ಗಂಡುಮಗನನ್ನು ದತ್ತಕ್ಕೆ ತೆಗೆದುಕೊಳ್ಳುವಂತಿಲ್ಲ. ಇರುವ ಮಗನ ಜಾಗಕ್ಕೆ ಮತ್ತೊಬ್ಬನೇಕೆ ಎಂಬುದು ಅದರ ಹಿಂದಿರುವ ಹಳೆಯ ವಿಚಾರ.

ಈಗ ಸುವಾರ್ತೆಯ ಕಡೆಗೆ ತಿರುಗಿ ನೋಡು. ನಮ್ಮನ್ನು ದತ್ತು ತೆಗೆದುಕೊಂಡ ತಂದೆ ಮಕ್ಕಳಿಲ್ಲದವನಲ್ಲ. ಲೋಕ ಹುಟ್ಟುವುದಕ್ಕೆ ಮುಂಚೆಯೇ ಆತನಿಗೆ ಒಬ್ಬನೇ ಮಗನಿದ್ದನು. ಆ ಮಗನಲ್ಲಿ ತಂದೆಗೆ ಸಂಪೂರ್ಣವಾದ ಮೆಚ್ಚಿಕೆಯಿತ್ತು. ಆತನ ಹೆಸರನ್ನು ಉಳಿಸಲು, ಆಸ್ತಿಯನ್ನು ನೋಡಿಕೊಳ್ಳಲು, ಮುಪ್ಪಿನಲ್ಲಿ ಆಸರೆಯಾಗಲು ಇನ್ನೊಬ್ಬರ ಅಗತ್ಯವೇ ಇರಲಿಲ್ಲ. ಆ ಮನೆಯಲ್ಲಿ ಬರಿದಾದ ಜಾಗವಿರಲಿಲ್ಲ. ಹಾಗಿದ್ದೂ ಆತನು ನಮ್ಮನ್ನು ಕರೆತಂದನು ಎಂದಮೇಲೆ, ನಮ್ಮಿಂದ ಆಗಬೇಕಾದ ಕೆಲಸಕ್ಕಾಗಿ ಕರೆತಂದನೆಂಬ ನಿನ್ನ ಅಂಜಿಕೆಗೆ ಆಧಾರವೇ ಇಲ್ಲವೆಂದು ನನಗೆ ತೋರುತ್ತದೆ. ನೀನು ಆ ಮನೆಯಲ್ಲಿರುವುದು ಯಾವ ಲೆಕ್ಕದ ಮೇಲೂ ಅಲ್ಲ. ಎಫೆಸದವರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯ ಇದಕ್ಕೆ ಕೊಡುವ ಕಾರಣ ಒಂದೇ: ಅದು ಆತನ ದಯಾಪೂರ್ವಕವಾದ ಚಿತ್ತವಾಗಿತ್ತು, ಮತ್ತು ಅದು ಯೇಸು ಕ್ರಿಸ್ತನ ಮೂಲಕವಾಗಿಯೇ ಆಯಿತು.

"ಕ್ರಿಸ್ತನ ಮೂಲಕ" ಎಂಬುದನ್ನು ನಾವು ಪ್ರಾರ್ಥನೆಯ ಕೊನೆಯಲ್ಲಿ ರೂಢಿಯಿಂದ ಹೇಳಿ ಮುಗಿಸುತ್ತೇವೆ. ಇಲ್ಲಿ ಎಲ್ಲವೂ ಅದರ ಮೇಲೆಯೇ ನಿಂತಿದೆ. ಎರಡನೆಯ ಸಮುವೇಲನ 9ನೆಯ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದು. ದಾವೀದನು ಅರಸನಾಗಿ ನೆಲೆಗೊಂಡ ಮೇಲೆ, ತನ್ನ ಪ್ರಾಣಸ್ನೇಹಿತನಾಗಿದ್ದ, ಹಿಂದಿನ ಅರಸ ಸೌಲನ ಮಗ ಯೋನಾತಾನನ ನಿಮಿತ್ತ ದಯೆ ತೋರಿಸುವುದಕ್ಕೆ ಸೌಲನ ಮನೆಯಲ್ಲಿ ಯಾರಾದರೂ ಉಳಿದಿದ್ದಾರೆಯೇ ಎಂದು ವಿಚಾರಿಸುತ್ತಾನೆ. ಉಳಿದವನು ಎರಡೂ ಕಾಲು ಕುಂಟಾದ, ಯೋನಾತಾನನ ಮಗ ಮೆಫೀಬೋಶೆತ; ಹಳೆಯ ಅರಸನ ಮೊಮ್ಮಗನಾದ್ದರಿಂದ ತಲೆ ಹೋಗುತ್ತದೆಂದು ಭಯಪಟ್ಟುಕೊಂಡೇ ಬಂದು ಬೀಳುತ್ತಾನೆ. ಅವನಿಂದ ಅರಸನಿಗೆ ಯಾವ ಉಪಯೋಗವೂ ಇರಲಿಲ್ಲ: ಯುದ್ಧಕ್ಕೆ ಹೋಗಲಾರ, ಹೊಲ ಉಳಲಾರ, ಅವನ ಹೊಲವನ್ನು ಉಳುವ ಕೆಲಸ ಸೌಲನ ಆಳಾಗಿದ್ದ ಚೀಬನಿಗೂ ಅವನ ಮಕ್ಕಳಿಗೂ ಸೇರುತ್ತದೆ. ದಾವೀದನಿಗೆ ಆಗಲೇ ಗಂಡುಮಕ್ಕಳಿದ್ದರು. ಆದರೂ ಮೆಫೀಬೋಶೆತನು ಅರಸನ ಮಕ್ಕಳಲ್ಲಿ ಒಬ್ಬನಂತೆ ಅರಸನ ಪಂಕ್ತಿಯಲ್ಲಿ ಪ್ರತಿದಿನ ಊಟ ಮಾಡಿದನು. ಆ ಅಧ್ಯಾಯದ ಕೊನೆಯ ವಾಕ್ಯ ಅವನ ಕಾಲುಗಳು ವಾಸಿಯಾದವೆಂದು ಹೇಳುವುದಿಲ್ಲ. ಅವನು ಯಾವಾಗಲೂ ಅರಸನ ಪಂಕ್ತಿಯಲ್ಲಿ ಉಣ್ಣುತ್ತಿದ್ದನು, ಅವನ ಎರಡು ಕಾಲುಗಳೂ ಕುಂಟಾಗಿದ್ದವು ಎಂದು ಎರಡನ್ನೂ ಒಟ್ಟಿಗೆ ಹೇಳಿ ನಿಲ್ಲಿಸುತ್ತದೆ. ಅವನು ಅಲ್ಲಿ ಕೂತದ್ದು ಯೋನಾತಾನನ ನಿಮಿತ್ತ. ನೀನು ಕರ್ತನ ಮೇಜಿಗೆ ಬರುವುದು ಕ್ರಿಸ್ತನ ನಿಮಿತ್ತ. ತಂದೆಗೆ ಆ ಮಗನ ಮೇಲಿರುವ ಪ್ರೀತಿ ಎಂದಾದರೂ ಕಡಿಮೆಯಾಗುವುದಾದರೆ ಮಾತ್ರ ನಿನ್ನ ಜಾಗಕ್ಕೆ ಅಪಾಯ. ಯೋಹಾನನ 17ನೆಯ ಅಧ್ಯಾಯದಲ್ಲಿ ಕರ್ತನೇ ಪ್ರಾರ್ಥಿಸುತ್ತ, ನೀನು ನನ್ನನ್ನು ಪ್ರೀತಿಸಿದಂತೆಯೇ ಇವರನ್ನೂ ಪ್ರೀತಿಸಿದ್ದೀ ಎನ್ನುತ್ತಾನೆ. ಈ ಒಂದು ಮಾತನ್ನು ನಂಬಲು ನನಗೆ ಬಹಳ ಕಾಲ ಬೇಕಾಯಿತು. ಈಗಲೂ ಓದಿದಾಗಲೆಲ್ಲ ಎದೆ ತುಂಬಿ ಬರುತ್ತದೆ.

ಇದಕ್ಕೆ ತೆತ್ತ ಬೆಲೆಯನ್ನೂ ಮರೆಯಬೇಡ. ಗಲಾತ್ಯದ 4ನೆಯ ಅಧ್ಯಾಯದ ಪ್ರಕಾರ, ಮನೆಯೊಳಗಿದ್ದ ಮಗನು ಸ್ತ್ರೀಯಲ್ಲಿ ಹುಟ್ಟಿ, ಮೋಶೆಯ ಧರ್ಮಶಾಸ್ತ್ರಕ್ಕೆ ಅಧೀನನಾಗಿ, ನಾವಿದ್ದ ಜಾಗಕ್ಕೆ ಇಳಿದು ಬಂದು ನಮ್ಮನ್ನು ಬಿಡಿಸಿದ ಮೇಲೆಯೇ ನಮಗೆ ಪುತ್ರರ ಪದವಿ ದೊರೆತದ್ದು. ಇನ್ನೊಂದು ಸಂಗತಿಯನ್ನು ಮತ್ತಾಯನ ಮೊದಲನೆಯ ಅಧ್ಯಾಯ ನಮಗೆ ಕಾಣಿಸುತ್ತದೆ: ಆ ಮಗನು ಲೋಕಕ್ಕೆ ಬಂದಾಗ, ತಾನು ಹುಟ್ಟಿಸದ ಮಗುವನ್ನು ಯೋಸೇಫನೆಂಬ ಬಡಗಿಯು ತನ್ನದೆಂದು ಒಪ್ಪಿಕೊಂಡು, ತಾನೇ ಹೆಸರಿಟ್ಟು, ದಾವೀದನ ವಂಶದಲ್ಲಿ ಸೇರಿಸಿಕೊಂಡನು. ನಮ್ಮನ್ನು ದತ್ತು ಕರೆತರಲು ಬಂದವನು ತಾನೂ ಒಬ್ಬ ಮನುಷ್ಯನ ಮನೆಯಲ್ಲಿ ಹಾಗೆ ಸ್ವೀಕೃತನಾಗಿ ಬೆಳೆದನೆಂಬುದನ್ನು ಸೋದರಮಾವನ ಮನೆಯಲ್ಲಿ ಬೆಳೆದ ನಿನಗೆ ವಿಶೇಷವಾಗಿ ಹೇಳಬೇಕೆನಿಸಿತು.

ನಿನ್ನ ಎರಡನೆಯ ಅನುಮಾನ, ಈ ಸಂಬಂಧ ಮುರಿದು ಹೋಗಬಹುದೇ ಎಂಬುದು. ಪಾಲಕತ್ವಕ್ಕೂ ಪುತ್ರತ್ವಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ದೇಶದ ಕ್ರೈಸ್ತರು ಕಾನೂನಿನಲ್ಲಿಯೇ ಅನುಭವಿಸಿದ್ದಾರೆ. ಬಹಳ ಕಾಲ ಕ್ರೈಸ್ತ ದಂಪತಿಗಳಿಗೆ ದತ್ತು ಕಾಯಿದೆಯೇ ಇರಲಿಲ್ಲ. 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆಯಡಿ ಮಗುವಿಗೆ ಪಾಲಕರಾಗಬಹುದಿತ್ತು, ಅಷ್ಟೆ. ಮಗು ವಯಸ್ಸಿಗೆ ಬಂದ ದಿನ ಪಾಲಕತ್ವ ಮುಗಿಯುತ್ತಿತ್ತು. ಮನೆಯ ಆಸ್ತಿಯಲ್ಲಿ ಅದಕ್ಕೆ ಮಗನೆಂಬ ಹಕ್ಕು ಹುಟ್ಟುತ್ತಿರಲಿಲ್ಲ. 2000ದ ಬಾಲನ್ಯಾಯ ಕಾಯಿದೆ, ಅದಕ್ಕೆ 2006ರಲ್ಲಿ ಆದ ತಿದ್ದುಪಡಿ, ಆಮೇಲೆ 2015ರ ಹೊಸ ಕಾಯಿದೆ ಇವುಗಳಿಂದ ಯಾವ ಧರ್ಮದವರಾದರೂ ಮಗುವನ್ನು ಪೂರ್ಣವಾಗಿ ತಮ್ಮದಾಗಿ ಮಾಡಿಕೊಳ್ಳುವ ದಾರಿ ತೆರೆಯಿತು. ಪೌಲನು ಅದೇ ಗಲಾತ್ಯದ ಅಧ್ಯಾಯವನ್ನು ಆರಂಭಿಸುವುದೂ ಪಾಲಕರ ಕೈಕೆಳಗಿರುವ ಹುಡುಗನ ಮಾತಿನಿಂದಲೇ. ಆ ಕಾಲ ಮುಗಿಯಿತು, ಈಗ ನೀನು ಮಗನು, ಮಗನೆಂದ ಮೇಲೆ ಬಾಧ್ಯನು, ಅಂದರೆ ತಂದೆಯ ಆಸ್ತಿಗೆ ಹಕ್ಕುದಾರನು ಎಂದು ಅವನು ಮುಂದುವರಿಸುತ್ತಾನೆ. ನಮ್ಮ ಅಕ್ಕತಂಗಿಯರಿಗೂ ಈ ಬಾಧ್ಯತೆ ಅಷ್ಟೇ ಪೂರ್ಣವಾಗಿ ಸಲ್ಲುತ್ತದೆ. ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಸ್ವಲ್ಪ ಮುಂಚೆಯಷ್ಟೇ ಅವನು ಬರೆದಿದ್ದಾನೆ. ಹೆಣ್ಣುಮಕ್ಕಳ ಪಾಲಿನ ಮೊಕದ್ದಮೆಗಳನ್ನು ದಿನವೂ ನೋಡುವ ನನಗೆ ಇದು ಸಣ್ಣ ಮಾತಾಗಿ ಕಾಣುವುದಿಲ್ಲ.

ಲೋಕದ ದತ್ತುವಿಗೆ ಇನ್ನೊಂದು ಭಯವಿರುತ್ತದೆ, ಮೇಲಿನ ಅಧಿಕಾರದವರು ಒಪ್ಪದೆ ಹೋಗುವ ಭಯ. 1824ರಲ್ಲಿ ಕಿತ್ತೂರಿನಲ್ಲಿ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಾಗ, ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಮಾನ್ಯ ಮಾಡಲಿಲ್ಲ. ರಾಣಿ ಚೆನ್ನಮ್ಮ ಎಷ್ಟು ಧೈರ್ಯದಿಂದ ಹೋರಾಡಿದರೂ ಕೊನೆಗೆ ಸಂಸ್ಥಾನ ಉಳಿಯಲಿಲ್ಲ. ತಾಯಿಯ ಮನಸ್ಸು ಒಪ್ಪಿತ್ತು, ಮನೆ ಒಪ್ಪಿತ್ತು, ಹೊರಗಿನ ಅಧಿಕಾರ ಒಪ್ಪಲಿಲ್ಲ. ನಮ್ಮ ವಿಷಯದಲ್ಲಿ ಒಪ್ಪದೆ ಇರಬಲ್ಲ ಮೇಲಿನವರು ಯಾರು? ದೇವರು ಆರಿಸಿಕೊಂಡವರ ಮೇಲೆ ತಪ್ಪು ಹೊರಿಸುವವರು ಯಾರು ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯ ಕೇಳುತ್ತದೆ. ತೀರ್ಪು ಹೇಳಬೇಕಾದವನೇ ದತ್ತು ತೆಗೆದುಕೊಂಡಿದ್ದಾನೆ.

ನಮ್ಮ ನೆರೆಹೊರೆಯವರು, ಎಲ್ಲರೂ ದೇವರ ಮಕ್ಕಳೇ ಅಲ್ಲವೇ ಎನ್ನುವುದುಂಟು. ಎಲ್ಲರೂ ಆತನಿಂದಲೇ ಜೀವ ಪಡೆದವರೆಂದು ಪೌಲನು ಅಥೇನೆಯಲ್ಲಿ ಒಪ್ಪಿಕೊಂಡನು. ಆ ಮಾತನ್ನು ಗೌರವದಿಂದ ಒಪ್ಪಬೇಕು. ಆದರೆ ತನ್ನನ್ನು ಅಂಗೀಕರಿಸಿದವರಿಗೆ ದೇವರ ಮಕ್ಕಳಾಗುವ ಅಧಿಕಾರವನ್ನು ಕ್ರಿಸ್ತನು ಕೊಟ್ಟನೆಂದು ಯೋಹಾನನು ಹೇಳುವಾಗ, ಹುಟ್ಟಿನಿಂದ ಬಾರದ ಒಂದು ಸಂಬಂಧವನ್ನು ಕುರಿತು ಹೇಳುತ್ತಾನೆ. ಕ್ರೈಸ್ತ ಮನೆಯಲ್ಲಿ ಹುಟ್ಟಿದ ನನಗೂ ನಿನಗೂ ಅದು ಹುಟ್ಟಿನಿಂದ ಬಂದದ್ದಲ್ಲ. ಆದ್ದರಿಂದ ಇದರಲ್ಲಿ ಯಾರ ಮುಂದೆಯೂ ಹೆಮ್ಮೆಪಡಲು ನಮಗೆ ಏನೂ ಇಲ್ಲ.

ಪ್ರಾರ್ಥಿಸುವಾಗ "ಅಪ್ಪಾ" ಎನ್ನಲು ಬಾಯಿ ಬರುವುದಿಲ್ಲ, ಹೃದಯ ಒಣಗಿದೆ ಎಂದು ಬರೆದಿದ್ದೀಯೆ. ಇಲ್ಲಿ ಸ್ವಲ್ಪ ನಿಲ್ಲೋಣ. ಮಗನ ಭಾವವೆಂದರೆ ಯಾವಾಗಲೂ ಬೆಚ್ಚಗಿರುವ ಒಂದು ಅನುಭವ ಎಂದು ನಾವು ಹಾಡುಗಳಿಂದ, ಸಾಕ್ಷಿಗಳಿಂದ ಕಲಿತುಕೊಂಡಿದ್ದೇವೆ. ಸುವಾರ್ತೆಗಳಲ್ಲಿ ಯೇಸು ಆ ಕೂಗನ್ನು ಕೂಗಿದ್ದು ಎಲ್ಲಿ ಎಂದು ನೋಡು. ಮಾರ್ಕನ 14ನೆಯ ಅಧ್ಯಾಯದಲ್ಲಿ, ಗೆತ್ಸೇಮನೆಯಲ್ಲಿ, ಪ್ರಾಣ ಹೋಗುವಷ್ಟು ದುಃಖದಲ್ಲಿ ನೆಲಕ್ಕೆ ಬಿದ್ದು, ಅಪ್ಪಾ, ತಂದೆಯೇ, ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎನ್ನುತ್ತಾನೆ. ದೇವರು ತನ್ನ ಮಗನ ಆತ್ಮನನ್ನು ನಮ್ಮ ಹೃದಯಗಳಿಗೆ ಕಳುಹಿಸಿದಾಗ ನಮ್ಮೊಳಗಿಂದ ಏಳುವುದು ಆ ಕೂಗೇ. ಆದ್ದರಿಂದ ಒಣಗಿದ ಬಾಯಿಂದ, ಅಂಜುತ್ತ, ಬೇರೆಲ್ಲಿಗೂ ಹೋಗಲು ತೋಚದೆ ನೀನು ಆತನನ್ನೇ ಕರೆಯುತ್ತಿದ್ದರೆ, ಅದು ಮಗನಲ್ಲದವನ ಪ್ರಾರ್ಥನೆಯಲ್ಲ. ಬಾಧ್ಯತೆಯ ಜೊತೆಗೇ ಪೌಲನು ಕ್ರಿಸ್ತನೊಂದಿಗೆ ಬಾಧೆಪಡುವುದನ್ನೂ ಹೇಳಿರುವುದು ಸುಮ್ಮನೆ ಅಲ್ಲ.

ಲೂಕನ 15ನೆಯ ಅಧ್ಯಾಯದ ಇಬ್ಬರು ಅಣ್ಣತಮ್ಮಂದಿರಿಗೂ ನಿನ್ನದೇ ಕಾಯಿಲೆಯಿತ್ತು. ಕಿರಿಯವನು ಹಂದಿಗಳ ನಡುವೆ ಕೂತು, ನನ್ನನ್ನು ನಿನ್ನ ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ ಎಂಬ ಮಾತನ್ನು ಸಿದ್ಧಮಾಡಿಕೊಂಡು ಬಂದನು. ಅವನು ಆ ಮಾತಿಗೆ ಬರುವ ಮುಂಚೆಯೇ ತಂದೆ ನಿಲುವಂಗಿಯನ್ನೂ ಉಂಗುರವನ್ನೂ ತರಿಸಿದನು. ಹಿರಿಯವನು ಮನೆಬಿಟ್ಟು ಹೋದವನೇ ಅಲ್ಲ. ಆದರೂ ಇಷ್ಟು ವರ್ಷ ನಿನಗೆ ಸೇವೆ ಮಾಡಿದ್ದೇನೆ, ನೀನು ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎಂದು ಕೂಲಿಯ ಲೆಕ್ಕ ತೆಗೆದನು. ತಂದೆ ಅವನನ್ನೂ ಗದರಿಸಲಿಲ್ಲ: ಕಂದಾ, ನೀನು ಯಾವಾಗಲೂ ನನ್ನ ಸಂಗಡ ಇದ್ದೀ, ನನ್ನದೆಲ್ಲಾ ನಿನ್ನದೇ ಎಂದನು. ಸಭೆಯಲ್ಲಿ ದುಡಿದು ದಣಿಯುವ ನಮ್ಮಂಥವರಿಗೆ ಹಿರಿಯವನೇ ಹತ್ತಿರದವನೆಂದು ನನ್ನ ಎಣಿಕೆ.

ಹಾಗಾದರೆ ಖಜಾಂಚಿ ಕೆಲಸವನ್ನು ಬಿಟ್ಟುಬಿಡಲೇ ಎಂದು ಕೊನೆಯಲ್ಲಿ ಕೇಳಿದ್ದೀಯೆ. ಬಿಡಬೇಡ. ಸಭೆಗೆ ನಿನ್ನಷ್ಟು ನಿಷ್ಠೆಯಿಂದ ಲೆಕ್ಕ ಬರೆಯುವವರು ಬೇಕು, ಮಕ್ಕಳಿಗೂ ನೀನು ಬೇಕು. ಒಂದು ಭಾನುವಾರ ಮಾತ್ರ ಯಾವ ಜವಾಬ್ದಾರಿಯೂ ಇಲ್ಲದೆ, ಕಾಣಿಕೆಯ ಲೆಕ್ಕವನ್ನು ಬೇರೆಯವರಿಗೆ ಒಪ್ಪಿಸಿ, ಬರಿಗೈಯಲ್ಲಿ ಹೋಗಿ ಕೂತು ಕರ್ತನ ಭೋಜನವನ್ನು ತೆಗೆದುಕೋ. ಸಭೆಯ ಅಯ್ಯನವರಿಗೆ ಮೊದಲೇ ತಿಳಿಸು. ಅವರು ಅರ್ಥ ಮಾಡಿಕೊಳ್ಳುತ್ತಾರೆ.

ಮಾವನವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ದುಃಖವಾಯಿತು. ನಮ್ಮ ದೇಹಗಳ ಬಿಡುಗಡೆಯೇ ಆ ಪುತ್ರಪದವಿಯ ಪೂರ್ಣತೆ, ಅದಕ್ಕಾಗಿ ನಾವು ನರಳುತ್ತ ಕಾದಿದ್ದೇವೆ ಎಂದು ರೋಮಾಪುರದ 8ನೆಯ ಅಧ್ಯಾಯದ 23ನೆಯ ವಚನ ಹೇಳುವುದನ್ನು ಅವರಿಗೆ ಓದಿ ಹೇಳು. ಆ ವಚನದ ಬಗ್ಗೆ ನಾನು ಇಲ್ಲಿ ಬರೆಯಲಿಲ್ಲ. ಮುಂದಿನ ತಿಂಗಳು ಅವರನ್ನು ನೋಡಲು ದಾವಣಗೆರೆಗೆ ಬಂದಾಗ ಮೂವರೂ ಕೂತು ಮಾತಾಡೋಣ. ಅತ್ತೆಯವರಿಗೂ ಮಕ್ಕಳಿಗೂ ನನ್ನ ವಂದನೆಗಳನ್ನು ತಿಳಿಸು.

ಇಂತಿ,
ನಿನ್ನ ಗೆಳೆಯ,
ಚಿತ್ರದುರ್ಗ