ಟವೆಲ್ ಹರಿದು ಬಾಲಂಗೋಚಿ ಕಟ್ಟಿದವರಿಗೆ

ಅವತ್ತು ಹೆಸರು ಕೇಳುವುದನ್ನೇ ಮರೆತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೋದ ಆಷಾಢದ ಒಂದು ಭಾನುವಾರ, ತುಮಕೂರಿನ ಅಮಾನಿಕೆರೆ ಹತ್ತಿರ ಮಗಳ ಜೊತೆ ಗಾಳಿಪಟ ಹಾರಿಸಲು ಒದ್ದಾಡುತ್ತಿದ್ದವನು ನಾನು. ಆಷಾಢದಲ್ಲಿ ನಮ್ಮ ಕಡೆ ಮಳೆಗಿಂತ ಗಾಳಿಯೇ ಜಾಸ್ತಿ. ಪಡುವಣ ಗಾಳಿ ತನ್ನ ಮಳೆಯನ್ನೆಲ್ಲ ಮಲೆನಾಡಲ್ಲೇ ಸುರಿದು ಇಲ್ಲಿಗೆ ಬರಿಗೈಲಿ ಬರುತ್ತದೆ. ಅಂಥ ಗಾಳಿಯಲ್ಲೂ ನನ್ನ ಪಟ ನಾಲ್ಕು ಸಲ ಗಿರಗಿರ ತಿರುಗಿ ನೆಲ ಕಚ್ಚಿತ್ತು. ಆ ವಾರವೇ ಕೆಲಸ ಹೋಗಿತ್ತು. ಸಿಟ್ಟನ್ನೆಲ್ಲ ದಾರದ ಮೇಲೆ ತೀರಿಸುತ್ತಿದ್ದೆ.

ನೀವು ಸೈಕಲ್ ಸ್ಟ್ಯಾಂಡ್ ಹಾಕಿ ಬಂದಿರಿ. ಮಾತಿಲ್ಲ, ಕತೆಯಿಲ್ಲ. ಸೂತ್ರ ಬಿಚ್ಚಿ, ಮೇಲಿನ ದಾರವನ್ನು ಎರಡು ಬೆರಳಷ್ಟು ಗಿಡ್ಡ ಮಾಡಿ ಗಂಟು ಹಾಕಿದಿರಿ. ಹೆಗಲ ಮೇಲಿದ್ದ ಟವೆಲಿನ ಹಸಿರು ಅಂಚನ್ನು ಹಲ್ಲಲ್ಲಿ ಕಚ್ಚಿ ಪರ್ರಂತ ಹರಿದು ಬಾಲಂಗೋಚಿ ಕಟ್ಟಿದಿರಿ. ನಾನು ಬೇಡ ಅನ್ನುವಷ್ಟರಲ್ಲಿ ಮುಗಿದೇ ಹೋಗಿತ್ತು.

“ಗೋತ ಹೊಡೆದಾಗ ಎಳೀಬೇಡಿ ಸ್ವಾಮಿ. ಸ್ವಲ್ಪ ಸಡಿಲ ಬಿಡಿ, ಅದೇ ಏಳುತ್ತೆ.”

ಎದ್ದಿತು! ಅರ್ಧ ಗಂಟೆ ಮಗಳ ಕೂಗು ಕೆರೆಯ ಆಚೆ ದಡಕ್ಕೂ ಕೇಳಿರಬೇಕು. ಆಮೇಲೆ ದಾರ ಕಿತ್ತು ಪಟ ಹೊಂಗೆ ಮರಕ್ಕೆ ಸಿಕ್ಕಿಕೊಂಡಿತು. ನನ್ನ ಮುಖ ಬಾಡಿತ್ತು. ನೀವು ಮಾತ್ರ, “ಮರಕ್ಕೂ ಒಂದು ಪಟ ಬೇಡ್ವಾ?” ಎಂದು ನಕ್ಕು ಸೈಕಲ್ ಹತ್ತಿಬಿಟ್ಟಿರಿ.

ಕೆಲಸ ಸಿಗಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳೂ ಸಂಜೆಯಾದರೆ ಸುಮ್ನೆ ಅಲ್ಲೇ ಇರುತ್ತಿದ್ದೆವು. ನಿಮ್ಮ ಟವೆಲಿನ ಹಸಿರು ಅಂಚು ಇನ್ನೂ ಆ ಕೊಂಬೆಯಲ್ಲೇ ನೇತಾಡುತ್ತಿದೆ. ನಿಮಗೊಂದು ಹೊಸ ಟವೆಲ್ ಕೊಡುವುದು ಬಾಕಿ ಇದೆ. ಈ ಆಷಾಢಕ್ಕೆ ಬನ್ನಿ.