ನೌಕಾಪಡೆಯವರ ಎದುರು ಹಾರಲು ಹೊರಟ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಮಂಗಳವಾರ ಕೈಸೇರಿತು. ನಿನ್ನ ವಾಯುಪಡೆ ಸ್ಕ್ವಾಡ್ರನ್ ನೌಕಾಪಡೆಯ ಜೊತೆ ಅಭ್ಯಾಸದ ಕಾಳಗಕ್ಕೆ ಹೊರಟಿದೆ ಎಂದು ಮೂರೂವರೆ ಪುಟ ಓದಿ ಹಿಗ್ಗಿದೆ. ಕೊನೆಯ ಅರ್ಧ ಪುಟದಲ್ಲಿ ಒಂದು ಸಾಲು ಇತ್ತಲ್ಲ, ಅಲ್ಲಿಗೆ ಬಂದು ನಿಂತುಬಿಟ್ಟೆ. "ನೇವಿಯವರ ಎದುರು ನಾನೇ ಮೊದಲು ನಾಕ್ ಇಟ್ ಆಫ್ ಅನ್ನಬೇಕಾಗಿ ಬಂದರೆ ಸ್ಕ್ವಾಡ್ರನ್ ಮಾನ ಏನಾಗುತ್ತೆ ದೊಡ್ಡಪ್ಪ, ಅದೊಂದೇ ಭಯ." ಇಷ್ಟೇ. ಇದನ್ನು ಬರೆದು ಕೆಳಗೆ ಅಜ್ಜಿಯ ಮಂಡಿ ನೋವು ವಿಚಾರಿಸಿದ್ದೀಯ.

ಎರಡು ರಾತ್ರಿ ನಿದ್ದೆ ಬರಲಿಲ್ಲ. ದೊಡ್ಡಮ್ಮ ಕೇಳಿದಳು. ಸುಮ್ನೆ ಸೆಖೆ ಅಂದೆ.

ಬಿಗಿ ತಿರುವಿನಲ್ಲಿ ಮೈ ಮೇಲೆ ಬೀಳುವ ಜಿ ಭಾರ ತಡೆಯುವ ಭಯ ನಿನಗೆ ಇಲ್ಲ, ಕತ್ತಲಲ್ಲಿ ಇಳಿಯುವ ಭಯ ಇಲ್ಲ. ನಾಕ್ ಇಟ್ ಆಫ್, ಅಂದರೆ ಕಾಳಗ ನಿಲ್ಲಿಸಿ, ಅನ್ನುವ ಮೂರು ಪದಕ್ಕೆ ಭಯ. ಬೇರೆ ಯಾವ ಭಯ ಬರೆದಿದ್ದರೂ ನಾನು ಇಷ್ಟು ಕಲಕಿಹೋಗುತ್ತಿರಲಿಲ್ಲ. ಯಾಕೆಂದರೆ ಇದು ನನ್ನದೇ ಭಯ. ನಾನು ಮಿಗ್-21 ಬಿಟ್ಟು ಕೆಳಗಿಳಿದು ಎಷ್ಟು ವರ್ಷ ಆಯಿತು ಎಂದು ನಿನಗೇ ಗೊತ್ತು. ಆ ವಿಮಾನವೇ 2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಢದಲ್ಲಿ ಕೊನೆಯ ಸಲ ಹಾರಿ ನಿವೃತ್ತಿ ಆಯಿತು. ಈ ಭಯ ಮಾತ್ರ ಮನೆಯಲ್ಲೇ ಉಳಿದಿತ್ತು ಅಂತ ಕಾಣುತ್ತದೆ. ಈಗ ನಿನ್ನ ಕಾಗದದಲ್ಲಿ ವಾಪಸ್ ಬಂತು.

ಎಂಬತ್ತರ ದಶಕದ ಕೊನೆಯ ಮಾತು. ನಿಮ್ಮಪ್ಪನಿಗೆ ಇದರ ಅರ್ಧ ಗೊತ್ತು. ಇನ್ನರ್ಧ ಯಾರಿಗೂ ಹೇಳಿಲ್ಲ.

ಆಗ ನೌಕಾಪಡೆಯಲ್ಲಿ ಸೀ ಹ್ಯಾರಿಯರ್ ಇತ್ತು. ನಮ್ಮ ಮಿಗ್-21ಗಳನ್ನು ಅವುಗಳ ಎದುರು ಹಾರಿಸಿದರು. ಬೇರೆ ಜಾತಿಯ ವಿಮಾನಗಳ ನಡುವೆ ಅಭ್ಯಾಸದ ಕಾಳಗ, ನೀವೀಗ ಡ್ಯಾಕ್ಟ್ ಅನ್ನುತ್ತೀರಲ್ಲ, ಅದೇ. ನಮ್ಮ ನಮ್ಮಲ್ಲೇ ಹಾರಿದರೆ ಎದುರಿನವನು ಯಾವಾಗ ತಿರುಗುತ್ತಾನೆ ಎಂದು ಅವನ ಸ್ವಭಾವ ನೋಡಿಯೇ ಹೇಳಬಹುದು. ವಿಮಾನವೂ ನಮ್ಮದೇ, ಅದು ಎಲ್ಲಿ ಸುಸ್ತಾಗುತ್ತದೆ ಎಂದು ಗೊತ್ತು. ಹ್ಯಾರಿಯರ್ ಎದುರು ಈ ಲೆಕ್ಕ ಯಾವುದೂ ನಡೆಯಲಿಲ್ಲ. ಅದು ಹಾರುತ್ತಾ ಹಾರುತ್ತಾ ಎಂಜಿನ್‌ನ ಗಾಳಿ ಹೊರಬರುವ ನಾಜಲ್ ತಿರುಗಿಸಿ ಗಾಳಿಯಲ್ಲೇ ಬ್ರೇಕ್ ಹಾಕಿದ ಹಾಗೆ ವೇಗ ಕಳೆದುಕೊಳ್ಳುತ್ತಿತ್ತು. ನಾವು ಹಿಂದೆ ಬಿದ್ದವರು ಮುಂದೆ ಹೋಗಿಬಿಡುತ್ತಿದ್ದೆವು. ನಮ್ಮದು ತ್ರಿಕೋನ ರೆಕ್ಕೆ, ಬಿಗಿಯಾಗಿ ಎರಡು ಸುತ್ತು ಹೊಡೆದರೆ ವೇಗ ಸೋರಿಹೋಗುತ್ತಿತ್ತು. ಮೊದಲ ಎರಡು ದಿನ ಸೋತೆವು. ಮೂರನೇ ದಿನ ಬೆಳಿಗ್ಗೆ ಕ್ರೂ ರೂಮಿನಲ್ಲಿ ನಮ್ಮ ಹಿರಿಯರೊಬ್ಬರು, "ಇವತ್ತಾದರೂ ಮಾನ ಉಳಿಸಿ" ಅಂದರು. ಕೆಟ್ಟ ಮನುಷ್ಯ ಅಲ್ಲ ಅವರು. ಆದರೆ ಆ ಮಾತು ನನ್ನ ಜೊತೆ ಕಾಕ್‌ಪಿಟ್‌ಗೆ ಬಂತು.

ಎತ್ತರದ ಲೆಕ್ಕವನ್ನು ಹಾರುವ ಮೊದಲಿನ ಬ್ರೀಫಿಂಗ್‌ನಲ್ಲಿ ಅಡಿಗಳಲ್ಲಿ ಕೊಟ್ಟಿದ್ದರು. ನಮ್ಮ ಮಿಗ್‌ನ ಅಳತೆ ಮುಳ್ಳುಗಳು ರಷ್ಯಾದವು, ಎತ್ತರ ಮೀಟರ್‌ನಲ್ಲಿ, ವೇಗ ಕಿಲೋಮೀಟರ್‌ನಲ್ಲಿ. ಅವರದ್ದು ಎತ್ತರ ಅಡಿಯಲ್ಲಿ, ವೇಗ ನಾಟ್‌ನಲ್ಲಿ. ತೊಡೆಗೆ ಕಟ್ಟಿಕೊಳ್ಳುವ ನೀಪ್ಯಾಡ್ ಮೇಲೆ ನಾನು ಎಲ್ಲ ಬದಲಿಸಿ ಬರೆದುಕೊಂಡಿದ್ದೆ. ಬರೆದದ್ದು ಸರಿಯಾಗಿಯೇ ಇತ್ತು. ತಪ್ಪಾದದ್ದು ಅಲ್ಲಿ ಅಲ್ಲ.

ನಮ್ಮ ಎರಡು ಮಿಗ್, ಅವರ ಎರಡು ಹ್ಯಾರಿಯರ್. ನಾನು ನಂಬರ್ ಟೂ, ಲೀಡರ್‌ನ ಜೊತೆಗಾರ. ಎದುರುಬದುರು ದಾಟಿದೆವು, ತಿರುಗಿದೆವು. ಎರಡನೇ ಸುತ್ತಿನಲ್ಲಿ ಲೀಡರ್ ಸೂರ್ಯನ ಕಡೆ ಹೋದರು, ನನಗೆ ಕಾಣದಾದರು. ಎರಡನೇ ಹ್ಯಾರಿಯರ್ ಎಲ್ಲಿ ಎಂದು ಹುಡುಕಿದೆ. ಅದೂ ಇಲ್ಲ. ಆ ಕ್ಷಣಕ್ಕೆ ನಾನು ಹೇಳಬೇಕಾದದ್ದು ಒಂದೇ ಪದ, "ಬ್ಲೈಂಡ್", ಅಂದರೆ ಜೊತೆಯವರು ನನಗೆ ಕಾಣುತ್ತಿಲ್ಲ ಎಂದು. ಎಡಗೈ ಹೆಬ್ಬೆರಳು ಆರ್‌ಟಿ, ಅಂದರೆ ರೇಡಿಯೋದ, ಬಟನ್ ಮೇಲೆಯೇ ಇತ್ತು. ಒತ್ತಲಿಲ್ಲ. ಹೇಳಿದರೆ ಲೀಡರ್ ಕಾಳಗ ನಿಲ್ಲಿಸುತ್ತಾರೆ. ನಿಂತರೆ ಮೂರನೇ ದಿನವೂ ನಮ್ಮಿಂದಲೇ ನಿಂತ ಹಾಗೆ. ಇನ್ನೊಂದು ಸೆಕೆಂಡ್ ನೋಡೋಣ, ಕಾಣಬಹುದು ಅಂದುಕೊಂಡೆ.

ಪುಟ್ಟಿ, ಇಬ್ಬರೂ ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಎದುರು ಬಂದರೆ ನಡುವಿನ ದೂರ ಸೆಕೆಂಡಿಗೆ 500 ಮೀಟರ್ ಕಡಿಮೆಯಾಗುತ್ತದೆ. 2 ಕಿಲೋಮೀಟರ್ ಅಂದರೆ 4 ಸೆಕೆಂಡ್. ಈ ಲೆಕ್ಕ ನಿನಗೆ ಬಾಯಿಪಾಠ ಇರುತ್ತದೆ, ನನಗೂ ಇತ್ತು. ಗೊತ್ತಿದ್ದೂ ಒತ್ತಲಿಲ್ಲ.

ಕನಾಪಿ, ಅಂದರೆ ತಲೆ ಮೇಲಿನ ಗಾಜಿನ ಮುಚ್ಚಳ, ಅದರ ತುಂಬ ಒಂದು ವಿಮಾನದ ಬೂದು ಹೊಟ್ಟೆ ಬಂತು. ಆ ಹೊಟ್ಟೆಯ ಮೇಲಿನ ಎಣ್ಣೆಯ ಕಲೆ ಕಂಡಿತು ನನಗೆ. ಆಮೇಲೆ ಬರೀ ಆಕಾಶ. ಆರ್‌ಟಿಯಲ್ಲಿ ಆ ಹ್ಯಾರಿಯರ್ ಹುಡುಗನ ದನಿ: "ನಾಕ್ ಇಟ್ ಆಫ್, ನಾಕ್ ಇಟ್ ಆಫ್." ಕಿರುಚಲಿಲ್ಲ, ನಡುಗಲಿಲ್ಲ. ಬಾಗಿಲು ಹಾಕಿ ಅಂತ ಹೇಳಿದ ಹಾಗೆ ಹೇಳಿದ. ನನ್ನ ಹೆಬ್ಬೆರಳು ಆಗಲೂ ಬಟನ್ ಮೇಲೆಯೇ ಇತ್ತು.

ನಿಮ್ಮಪ್ಪನಿಗೆ ಗೊತ್ತಿರುವುದು ಇಲ್ಲಿಯವರೆಗೆ. ಇನ್ನು ಮುಂದಿನದು ಡಿಬ್ರೀಫ್, ಇಳಿದ ಮೇಲೆ ಎಲ್ಲರೂ ಕೂತು ಹಾರಾಟದ ತಪ್ಪು ಸರಿ ಮಾತಾಡುವುದು.

ಈಗ ನಿಮ್ಮಲ್ಲಿ ಪ್ರತಿ ವಿಮಾನದ ದಾರಿಯನ್ನೂ ಪರದೆ ಮೇಲೆ ಹಾಕಿ ತೋರಿಸುತ್ತಾರೆ. ಆಗ ನಮ್ಮ ನೆನಪು, ನೀಪ್ಯಾಡ್, ಬಣ್ಣದ ಸೀಮೆಸುಣ್ಣ, ಅಷ್ಟೇ. ಆ ಹುಡುಗ ಎದ್ದು ನಿಂತು ತನ್ನ ದಾರಿ ಬರೆದ. ನನಗಿಂತ ಎರಡು ವರ್ಷ ಚಿಕ್ಕವನು. "ನಾನು ತಿರುವು ಬಿಗಿ ಮಾಡಿದೆ, ಅಂತರ ಮುರಿದದ್ದು ನಾನು" ಅಂದ. ಅವನಿಗೆ ಹಾಗೇ ಅನ್ನಿಸಿತ್ತು. ನಾನು ಆಗಲೇ ಕುರುಡಾಗಿದ್ದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಹೇಳಬೇಕಾದವನು ನಾನು. ಎಲ್ಲರೂ ನನ್ನ ಕಡೆ ನೋಡಿದರು. ನಾನು "ಏನೂ ಸೇರಿಸೋದಿಲ್ಲ ಸರ್" ಅಂದೆ. ಮಾರನೇ ದಿನ ಅವನನ್ನು ಅಭ್ಯಾಸದಿಂದ ಕೈಬಿಟ್ಟು ವಾಪಸ್ ಕಳಿಸಿದರು. ಜೀಪಿಗೆ ಬ್ಯಾಗ್ ಹಾಕುವಾಗ ನನಗೆ ಕೈ ಎತ್ತಿ ತೋರಿಸಿದ. ನಾನೂ ಎತ್ತಿದೆ.

ಹೀಗೆ ಎರಡು ಸಲ ಬಾಯಿ ಮುಚ್ಚಿಕೊಂಡೆ. ಆಕಾಶದಲ್ಲಿ ನಾಲ್ಕು ಸೆಕೆಂಡ್, ನೆಲದ ಮೇಲೆ ಇಷ್ಟೂ ವರ್ಷ. ಮೊದಲನೆಯದನ್ನು ವಯಸ್ಸು ಅಂತ ಹೇಳಿ ಮರೆಯಬಹುದೇನೋ. ಎರಡನೆಯದಕ್ಕೆ ಏನು ಹೇಳಲಿ.

ಅದಕ್ಕೇ ನಿನ್ನ ಸಾಲು ನನ್ನನ್ನು ಹಿಡಿದದ್ದು. ನಿಲ್ಲಿಸಿ ಅಂದವರಿಂದ ಮಾನ ಹೋಗುತ್ತದೆ ಅಂತ ನಿನಗೆ ಯಾರಾದರೂ ಹೇಳಿದರಾ, ಅಥವಾ ನೀನೇ ಅಂದುಕೊಂಡೆಯಾ? ಯಾರಾದರೂ ಹೇಳಿದ್ದರೆ ಅವರು ನನ್ನ ಹಾಗೆ ಬಚಾವಾದವರು ಇರಬೇಕು.

ನೇವಿಯವರ ಬಗ್ಗೆ ನಾನು ತಡವಾಗಿ ತಿಳಿದುಕೊಂಡ ಒಂದು ವಿಷಯ ಹೇಳುತ್ತೇನೆ. ಹಡಗಿನ ಡೆಕ್ ಮೇಲೆ ಇಳಿಯುವವರಿಗೆ ಕೆಳಗೆ ಒಬ್ಬ ಅಧಿಕಾರಿ ನಿಂತು ನೋಡುತ್ತಿರುತ್ತಾನೆ. ಅವನು "ವೇವ್ ಆಫ್" ಅಂದರೆ ಮುಗಿಯಿತು, ವಾದ ಇಲ್ಲ, ಮೇಲೇರಿ ಇನ್ನೊಂದು ಸುತ್ತು ಬರಬೇಕು. ವಿಮಾನದ ಬಾಲದ ಕೊಕ್ಕೆ ಡೆಕ್ ಮೇಲಿನ ತಡೆ ತಂತಿಗೆ ಸಿಗದಿದ್ದರೂ ಹಾಗೇ. ಇಳಿದ ಮೇಲೆ ಆ ಅಧಿಕಾರಿ ಪ್ರತಿ ಲ್ಯಾಂಡಿಂಗ್‌ನ ತಪ್ಪನ್ನೂ ಮುಖದ ಎದುರೇ ಓದಿ ಹೇಳುತ್ತಾನೆ. ಗೋವಾದ ನೌಕಾ ವಾಯುನೆಲೆ ಐಎನ್‌ಎಸ್ ಹಂಸದಲ್ಲಿ ನೆಲದ ಮೇಲೆ ಕಟ್ಟಿದ ಡೆಕ್‌ನಲ್ಲಿ ಅವರು ಇದನ್ನೇ ಅಭ್ಯಾಸ ಮಾಡಿ ಮಾಡಿ ಆಮೇಲೆ ವಿಕ್ರಮಾದಿತ್ಯ, ವಿಕ್ರಾಂತ್ ಹಡಗುಗಳಿಗೆ ಹೋಗುತ್ತಾರೆ. ನಿಲ್ಲು ಅನ್ನಿಸಿಕೊಂಡು ಬದುಕುವುದು ಅವರ ದಿನದ ಕೆಲಸ. ಆ ಹುಡುಗನ ದನಿ ಯಾಕೆ ಅಷ್ಟು ಸಮಾಧಾನವಾಗಿತ್ತು ಎಂದು ನನಗೆ ಆಮೇಲೆ ಅರ್ಥವಾಯಿತು. ನೀನು ನಿಲ್ಲಿಸಿ ಅಂದರೆ ಅವರು ನಗುತ್ತಾರೆ ಅಂತ ನಿನ್ನ ಲೆಕ್ಕ. ನನಗೆ ಹಾಗೆ ಅನ್ನಿಸುವುದಿಲ್ಲ.

ಬುದ್ಧಿ ಹೇಳುವ ಯೋಗ್ಯತೆ ನನಗೆ ಎಷ್ಟಿದೆಯೋ. ಆದರೂ ಒಂದೆರಡು ಮಾತು ಬರೆದುಬಿಡುತ್ತೇನೆ, ಬೇಡವಾದರೆ ಬಿಡು. ನಿನ್ನ ಸುಖೋಯ್ ಸುಮಾರು 22 ಮೀಟರ್ ಉದ್ದ, ಅವರ ಮಿಗ್-29ಕೆ ಸುಮಾರು 17. ಅವರಿಗೆ ನೀನು ಬೇಗ ಕಾಣುತ್ತೀಯ, ನಿನಗೆ ಅವರು ತಡವಾಗಿ ಕಾಣುತ್ತಾರೆ. ಅವರು ನಿನ್ನ ಕಣ್ಣಿನಿಂದ ತಪ್ಪಿಸಿಕೊಳ್ಳುವುದು ನಿನ್ನ ತಪ್ಪಲ್ಲ, ಅದು ಆಗಿಯೇ ಆಗುತ್ತದೆ. ಕನಾಪಿ ಮೇಲೆ ಜರುಗುತ್ತಿರುವ ಚುಕ್ಕೆಗೆ ಹೆದರಬೇಡ. ಜರುಗದೆ ಒಂದೇ ಕಡೆ ಕೂತು ದೊಡ್ಡದಾಗುವ ಚುಕ್ಕೆಗೆ ಹೆದರು, ಅದು ನಿನಗೆ ಡಿಕ್ಕಿಯ ದಾರಿಯಲ್ಲಿರುವ ವಿಮಾನ. ಇದೆಲ್ಲ ನಿನ್ನ ಇನ್‌ಸ್ಟ್ರಕ್ಟರ್ ನನಗಿಂತ ಚೆನ್ನಾಗಿ ಹೇಳಿರುತ್ತಾರೆ.

ನನ್ನ ಹಿಂದೆ ಸೀಟು ಇರಲಿಲ್ಲ. ನಿನ್ನ ಹಿಂದೆ ಇನ್ನೊಬ್ಬರು ಕೂತಿರುತ್ತಾರೆ. ಹೊರಡುವ ಮೊದಲೇ ಅವರಿಗೆ ಹೇಳಿಬಿಡು, "ನನಗೆ ಈ ಅಳುಕು ಇದೆ, ನಾನು ತಡ ಮಾಡಿದರೆ ನೀವು ಹೇಳಿ" ಅಂತ. ಹೇಳಲು ನಾಚಿಕೆ ಆಗುತ್ತದೆ. ಆದರೂ ಹೇಳು.

ಬ್ರೀಫಿಂಗ್‌ನಲ್ಲಿ ಅವರ ಪದಕ್ಕೂ ನಮ್ಮ ಪದಕ್ಕೂ ಒಂದೇ ಅರ್ಥವಾ ಎಂದು ಕೇಳು. ಟರ್ಮಿನೇಟ್ ಅಂದರೆ ಈ ಒಂದು ಸುತ್ತು ಮಾತ್ರ ಸಾಕು ಎಂದೋ, ನಾಕ್ ಇಟ್ ಆಫ್ ಅಂದರೆ ಆಕಾಶದಲ್ಲಿರುವ ಎಲ್ಲರೂ ನಿಲ್ಲಿಸಬೇಕು ಎಂದೋ, ಎಲ್ಲರ ಎದುರು ಬಾಯಿ ಬಿಟ್ಟು ಹೇಳಿಸು. ಎರಡು ಪಡೆಯವರು ಸೇರಿದಾಗ ಒಬ್ಬರಿಗೆ ಗೊತ್ತಿದೆ ಅಂತ ಇನ್ನೊಬ್ಬರು ಅಂದುಕೊಳ್ಳುವುದೇ ಜಾಸ್ತಿ. ಕೇಳಿದರೆ ಚಿಕ್ಕವಳು ಅನ್ನಿಸುತ್ತದೆ ಅಲ್ವಾ? ಅನ್ನಿಸಲಿ ಬಿಡು.

ಇನ್ನೊಂದು ಸಾಲನ್ನು ಬರೆದು ಹೊಡೆದು ಹಾಕಿದ್ದೀಯ. ಬೆಳಕಿಗೆ ಹಿಡಿದು ಓದಿದೆ, ಕ್ಷಮಿಸು. "ಹುಡುಗಿ, ಹೆದರಿದಳು ಅಂತಾರೆ." ಇದಕ್ಕೆ ಉತ್ತರ ಹುಡುಕಿ ಹುಡುಕಿ ಸಾಕಾಯಿತು. ನಮ್ಮಲ್ಲಿ ಮೊದಲ ಮೂವರು ಹುಡುಗಿಯರು ಫೈಟರ್‌ಗೆ ಬಂದದ್ದು 2016ರಲ್ಲಿ. ನೇವಿಯಲ್ಲಿ ಮೊದಲ ಹುಡುಗಿ ಆ ವಿಭಾಗಕ್ಕೆ ಸೇರಿದ್ದು 2025ರಲ್ಲಿ. ಹಾಗಾಗಿ ಆ ಕೋಣೆಯಲ್ಲಿ ನಿನಗೆ ಒಂಟಿ ಅನ್ನಿಸುವುದು ಸಹಜ. ನಾನು ಗಂಡಸಾಗಿ, ನನ್ನಂಥವರೇ ತುಂಬಿದ ಕೋಣೆಯಲ್ಲಿ ಬಾಯಿ ಬಿಡಲಾರದೆ ಹೋದೆ. ನಿನಗೆ ಅದು ಸುಲಭ ಎಂದು ಯಾವ ಬಾಯಲ್ಲಿ ಹೇಳಲಿ? ಯಾರೋ ಒಬ್ಬರು ಅಂದರೂ ಅನ್ನಬಹುದು. ಅಂದ ಮೇಲೂ ನೀನು ಊಟಕ್ಕೆ ಕೂತಿರಬೇಕು, ನನಗೆ ಬೇಕಾದದ್ದು ಅಷ್ಟೇ.

2023ರ ಜನವರಿಯಲ್ಲಿ ಗ್ವಾಲಿಯರ್‌ನಿಂದ ಹೊರಟ ಸುಖೋಯ್ ಮತ್ತು ಮಿರಾಜ್ ತರಬೇತಿ ಹಾರಾಟದಲ್ಲಿ ಬಿದ್ದ ದಿನ ನೀನು ಮನೆಯಲ್ಲಿದ್ದೆ. ಸುಖೋಯ್‌ನ ಇಬ್ಬರು ಹೊರಗೆ ಹಾರಿ ಉಳಿದರು, ಮಿರಾಜ್‌ನ ಪೈಲಟ್ ಉಳಿಯಲಿಲ್ಲ. ನಮ್ಮ ಬೆಳಗಾವಿಯವರು. ಅವತ್ತು ನಾನು ಟಿವಿ ಆರಿಸಿ ಹಿತ್ತಲಿಗೆ ಹೋದದ್ದು ನಿನಗೆ ನೆನಪಿರಬಹುದು. ಆ ಅಪಘಾತದ ಕಾರಣದ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ಆ ಎಣ್ಣೆಯ ಕಲೆ.

ಈ ಅಭ್ಯಾಸವೇ ಬೇಡ ಎನ್ನುವವನಲ್ಲ ನಾನು. ವಿಯೆಟ್ನಾಂನಲ್ಲಿ ಪೆಟ್ಟು ತಿಂದ ಮೇಲೆ ಅಮೆರಿಕದ ನೇವಿ 1969ರಲ್ಲಿ ಮಿರಮಾರ್‌ನಲ್ಲಿ ಕಾಳಗದ ಶಾಲೆ ತೆರೆಯಿತು. ಅವರ ವಾಯುಪಡೆ 1975ರಲ್ಲಿ ನೆಲ್ಲಿಸ್‌ನಲ್ಲಿ ರೆಡ್ ಫ್ಲಾಗ್ ಎನ್ನುವ ಕಾಳಗದ ಅಭ್ಯಾಸ ಶುರು ಮಾಡಿತು. ಯುದ್ಧದಲ್ಲಿ ಮೊದಲ ಹತ್ತು ಹಾರಾಟ ದಾಟಿದವನು ಬದುಕುವುದು ಜಾಸ್ತಿ, ಆ ಹತ್ತನ್ನು ಮನೆಯಲ್ಲೇ ಹಾರಿಸಿಬಿಡೋಣ ಎನ್ನುವುದು ಅವರ ಯೋಚನೆ. 2008ರಲ್ಲಿ ನಮ್ಮ ಸುಖೋಯ್‌ಗಳೂ ಅಲ್ಲಿಗೆ ಹೋಗಿ ಬಂದವು. ನಮ್ಮಲ್ಲೂ 1971ರಿಂದ ಅಂಥ ಶಾಲೆ ಇದೆ, ಅಲ್ಲಿಗೆ ಹೋಗುವ ಆಸೆ ನಿನಗಿದೆ ಎಂದು ನಿಮ್ಮಮ್ಮ ಹೇಳಿದಳು. ನಾಳೆ ನೇವಿಗೆ ಆ 26 ರಫೇಲ್-ಎಂ ಬಂದರೆ ಅವರದ್ದೂ ನಮ್ಮ ವಾಯುಪಡೆಯ ರಫೇಲೂ ಒಂದೇ ಮನೆತನದ ವಿಮಾನ. ಜೊತೆಯಲ್ಲಿ ಹಾರುವುದು ಇನ್ನೂ ಹೆಚ್ಚುತ್ತದೆ. ನೀನು ಹಾರಲೇಬೇಕು. ಆ ಹತ್ತು ಹಾರಾಟಗಳಲ್ಲಿ ಬೇಕಾದರೆ ಸೋತು ಬಾ. ಇಪ್ಪತ್ತರಲ್ಲಿ ಸೋತು ಬಾ.

ಮತ್ತೆ ಅದೇ ಸಾಲಿಗೆ ಬರುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನಿನಗೆ ಕಾಣಲಿಲ್ಲ ಅಂದರೆ ಬಟನ್ ಒತ್ತು. ಇನ್ನೊಂದು ಸೆಕೆಂಡ್ ನೋಡೋಣ ಅನ್ನಿಸುತ್ತದೆ, ಖಂಡಿತ ಅನ್ನಿಸುತ್ತದೆ. ಹಾಗೆ ಅನ್ನಿಸಿದಾಗಲೇ ಒತ್ತು. ಡಿಬ್ರೀಫ್‌ನಲ್ಲಿ ಬೇರೆಯವರು ನಿನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರೆ ತಕ್ಷಣ ಎದ್ದು ನಿಲ್ಲು. ಮಾರನೇ ದಿನಕ್ಕೆ ಬಿಡಬೇಡ, ಮಾರನೇ ದಿನ ಜೀಪು ಹೊರಟುಬಿಡುತ್ತದೆ.

ಆ ಹುಡುಗ ಈಗ ನಿವೃತ್ತನಾಗಿ ಕೊಚ್ಚಿಯಲ್ಲಿದ್ದಾನೆ. ವಿಳಾಸ ನನ್ನ ಹತ್ತಿರ ಆರು ವರ್ಷದಿಂದ ಇದೆ. ನಿನ್ನ ಕಾಗದ ಬಂದ ಮೇಲೆ ಎರಡು ಸಲ ಶುರು ಮಾಡಿದೆ, "ಪ್ರಿಯ" ಎನ್ನುವುದರ ಮುಂದೆ ಹೋಗಲಿಲ್ಲ. ಇದನ್ನು ಅಂಚೆಗೆ ಹಾಕಿ ಬಂದು ಮತ್ತೆ ಕೂರುತ್ತೇನೆ.

ಮೊದಲ ವಾರ ಮುಗಿದ ಕೂಡಲೇ ಎರಡು ಸಾಲು ಬರೆ. ಗೆದ್ದಿರೋ ಸೋತಿರೋ ಬರೆಯಬೇಡ. ಯಾರು ಯಾವಾಗ ನಿಲ್ಲಿಸಿದರು, ಅದನ್ನು ಬರೆ. ಅಜ್ಜಿಯ ಮಂಡಿ ಪರವಾಗಿಲ್ಲ.

ನಿನ್ನ
ದೊಡ್ಡಪ್ಪ