ಮಲ್ಲಿಗೆ ಒಲ್ಲೆನೆಂದ ಮೂಲೆ

ಗದಗ

ಪ್ರೀತಿಯ ಗೆಳೆಯಾ,

ಮಲ್ಲಿಗೆಯ ಮೂರನೆಯ ಬಳ್ಳಿಯೂ ಒಣಗಿತೆಂದು ನೀನು ಫೋನಿನಲ್ಲಿ ಹೇಳಿದಾಗ ನಿನ್ನ ದನಿಯೇ ಬಾಡಿತ್ತು. ಅವ್ವನ ಪೂಜೆಗೆ ಮನೆಯ ಹೂವೇ ಆಗಬೇಕೆಂಬ ನಿನ್ನ ಹಂಬಲ ನನಗೆ ಗೊತ್ತು. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ. ನಾಲ್ಕನೆಯ ಸಸಿ ಈಗಲೇ ತರಬೇಡ, ಮೊದಲು ನೆಲವನ್ನು ನೋಡು.

ಹೋದ ವರ್ಷ ನನ್ನ ಹಿತ್ತಲಿನಲ್ಲಿ ಸತ್ತ ಗಿಡವನ್ನು ಕಿತ್ತು ನೋಡಿದ್ದೆ. ಬೇರು ಕಪ್ಪಾಗಿತ್ತು. ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಜಾರಿ ಬರುತ್ತಿತ್ತು, ಕೊಳೆತ ವಾಸನೆ ಬೇರೆ. ಎಲೆ ಬಾಡಿದ್ದನ್ನು ಕಂಡು ನೀರು ಸಾಲದೆಂದು ದಿನಾ ಎರಡು ಕೊಡ ಸುರಿದಿದ್ದೆ; ಬೇರಿಗೆ ಗಾಳಿಯೇ ಸಿಗದೆ ಹೋಗಿತ್ತು. ನಿನ್ನ ಹುಬ್ಬಳ್ಳಿಯ ಹಿತ್ತಲಿನದೂ ಇದೇ ಕಪ್ಪು ಎರೆಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ, ಬಿರುಕೆಲ್ಲ ಮುಚ್ಚಿಕೊಂಡು ನೀರನ್ನು ಬಿಡದೆ ಹಿಡಿಯುತ್ತದೆ. ಜೋಳ, ಕಡಲೆ, ಹತ್ತಿಯನ್ನು ಚಿನ್ನದಂತೆ ಬೆಳೆಯುವ ಮಣ್ಣು ನಿಜ, ಆದರೆ ಬುಡದಲ್ಲಿ ನೀರು ನಿಂತರೆ ಮಲ್ಲಿಗೆ ತಾಳುವುದಿಲ್ಲ.

ಮಲ್ಲಿಗೆ ಒಣಗಿದ ಆ ಮೂಲೆಯಲ್ಲಿ 1 ಅಡಿ ಆಳದ ಗುಂಡಿ ತೋಡಿ ನೀರು ತುಂಬು. ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಗಮನಿಸು. ಗಂಟೆಗೆ 1 ಅಂಗುಲವೂ ಇಳಿಯದಿದ್ದರೆ ಅಲ್ಲಿ ನೆಲಮಟ್ಟದಲ್ಲಿ ನೆಡಬೇಡ. ಮಸಾರಿ ಮಣ್ಣಿಗೆ, ಅಂದರೆ ಕೆಂಪು ಮಣ್ಣಿಗೆ, ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ ಒಂದೂವರೆ ಅಡಿ ಎತ್ತರದ ಮಡಿ ಕಟ್ಟಿ ಅದರಲ್ಲಿ ನೆಡು. ಎರೆಗೆ ನಾಲ್ಕು ಬುಟ್ಟಿ ಮರಳು ಸುರಿದರೆ ಸಾಕೆನ್ನುವವರ ಮಾತು ಕೇಳಬೇಡ. ಅದು ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ.

ಕಾಂಪೌಂಡ್ ಗೋಡೆಯ ಬುಡವನ್ನೂ ಹಾರೆಯಿಂದ ಕೆದಕಿ ನೋಡು. ಮನೆ ಕಟ್ಟುವಾಗ ಹೂತ ಸುಣ್ಣ, ಸಿಮೆಂಟಿನ ಹೆಂಟೆ ಸಿಕ್ಕರೆ ಆರಿಸಿ ತೆಗೆ. ದಾಸವಾಳದ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದೆ ಎಂದಿದ್ದೆಯಲ್ಲ, ಅದು ಕಬ್ಬಿಣದ ಕೊರತೆ ಇರಬೇಕು. ಸುಣ್ಣ ಹೆಚ್ಚಾದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಒಮ್ಮೆ ಮಣ್ಣು ಪರೀಕ್ಷೆ ಮಾಡಿಸು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಿನಗೆ ಹತ್ತಿರವೇ ಇದೆ.

ಬೇವಿನ ಮರದಡಿ ಗುಲಾಬಿಯ ಆಸೆ ಬಿಡು. ಅಬ್ಬಲಿಗೆ ಅರೆನೆರಳಿನಲ್ಲೂ ಹೂ ಕೊಡುತ್ತದೆ, ನಂದಿಬಟ್ಟಲೂ ಹಾಗೆಯೇ. ಬೇವಿನ ಬೇರು ತೇವವನ್ನೆಲ್ಲ ಹೀರುವುದರಿಂದ ಅಲ್ಲಿ ಮಾತ್ರ ನೀರಿಗೆ ಕೈ ಬಿಗಿಹಿಡಿಯಬೇಡ. ಅವ್ವನಿಗೆ ಅಬ್ಬಲಿಗೆ ದಂಡೆಯೆಂದರೆ ಪ್ರಾಣ, ನನಗಿನ್ನೂ ನೆನಪಿದೆ.

ಬಚ್ಚಲ ನೀರು ಹರಿಯುವ ಕಡೆ ಕಾಬಾಳೆ ಚೆನ್ನಾಗಿ ಬರುತ್ತದೆ. ಕೆಂಪು ಹೂವಿನದು ನನ್ನಲ್ಲಿದೆ, ಮುಂದಿನ ರವಿವಾರ ಬರುವಾಗ ಗಡ್ಡೆ ತರುತ್ತೇನೆ. ಗುಂಡಿಯನ್ನು ಶನಿವಾರವೇ ತೋಡಿ ನೀರು ತುಂಬಿಸಿಡು, ಇಬ್ಬರೂ ಕೂಡಿ ನೋಡೋಣ.

ನಿನ್ನ
ಗೆಳೆಯ